ಮನೆಯಲ್ಲಿ ಇಲಿ ಹಾವಳಿ: ವಿಷವಿಡುವ ಮೊದಲು ಮಾಡಬೇಕಾದ ಕೆಲಸ

(ರೈತರು ಮತ್ತು ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪೈರಿಗೆ ಬರುವ ಕೀಟ, ರೋಗ, ಕಳೆಗಳ ವಿಷಯದಲ್ಲಿ ನಮ್ಮ ರೈತರು ಬಹಳ ಎಚ್ಚರದಿಂದಿರುತ್ತಾರೆ. ಎಲೆಯ ಮೇಲೆ ನಾಲ್ಕು ಹುಳು ಕಂಡರೂ ಏನು ಸಿಂಪಡಿಸಬೇಕೆಂದು ವಿಚಾರಿಸುತ್ತಾರೆ. ಆದರೆ ಅದೇ ಪೈರು ಕಟಾವಾಗಿ, ಕಣದಲ್ಲಿ ಒಕ್ಕಣೆಯಾಗಿ, ತೂರಿ, ಅಳೆದು ಮನೆ ಸೇರಿದ ಮೇಲೆ ಆ ಎಚ್ಚರ ಮುಗಿದುಹೋಗುತ್ತದೆ. ಬೆಳೆ ಕೈಗೆ ಬಂತು, ಇನ್ನು ಚಿಂತೆಯಿಲ್ಲ ಎಂಬ ಭಾವನೆ ಬರುತ್ತದೆ. ನಿಜವಾಗಿ ನೋಡಿದರೆ ಇಲಿಗಳ ಸುಗ್ಗಿ ಆರಂಭವಾಗುವುದೇ ಆಗ. ಬಿತ್ತಲಿಲ್ಲ, ಕಳೆ ತೆಗೆಯಲಿಲ್ಲ, ನೀರು ಕಟ್ಟಲಿಲ್ಲ. ಆದರೂ ಮನೆಯಲ್ಲಿಟ್ಟ ದವಸದಲ್ಲಿ ಇಲಿ ತನ್ನ ಪಾಲನ್ನು ತಪ್ಪದೆ ತೆಗೆದುಕೊಳ್ಳುತ್ತದೆ.

ಆ ಪಾಲು ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಬೆಳೆದ ಇಲಿಯೊಂದು ದಿನಕ್ಕೆ ಸುಮಾರು 20ರಿಂದ 25 ಗ್ರಾಂ ಧಾನ್ಯ ತಿನ್ನುತ್ತದೆ. ಅಂದರೆ ವರ್ಷಕ್ಕೆ 7ರಿಂದ 9 ಕಿಲೋಗ್ರಾಂ. ಹಳೆಯ ಹೆಂಚಿನ ಮನೆಯಲ್ಲಿ, ಅಟ್ಟ, ಕೊಟ್ಟಿಗೆಗಳನ್ನು ಸೇರಿಸಿಕೊಂಡರೆ, ಹತ್ತು ಇಲಿಗಳಿರುವುದು ಹೆಚ್ಚೇನಲ್ಲ. ಈ ಹತ್ತು ಇಲಿಗಳು ವರ್ಷದಲ್ಲಿ 70ರಿಂದ 90 ಕಿಲೋ ತಿನ್ನುತ್ತವೆ. ಒಂದು ಚೀಲ ರಾಗಿ ಹೋಯಿತೆಂದೇ ಅರ್ಥ. ಇದು ಹೊಟ್ಟೆಗೆ ಹೋದದ್ದರ ಲೆಕ್ಕ ಮಾತ್ರ. ಇಲಿಯೊಂದು ದಿನಕ್ಕೆ 25ರಿಂದ 50 ಹಿಕ್ಕೆ ಹಾಕುತ್ತದೆ. ಓಡಾಡಿದ ಕಡೆಯೆಲ್ಲಾ ಮೂತ್ರ ಬಿಡುತ್ತದೆ, ಕೂದಲು ಉದುರಿಸುತ್ತದೆ. ಚೀಲ ಕಡಿದು ನೆಲಕ್ಕೆ ಸುರಿಸುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು ಎಂಬುದು ದವಸದ ಚೀಲವನ್ನು ಕೇರಿ ಹಸನು ಮಾಡುವ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿದೆ.

ಬಿತ್ತನೆ ಬೀಜದ ನಷ್ಟ ಇದಕ್ಕಿಂತ ಕೆಟ್ಟದ್ದು. ಮುಸುಕಿನ ಜೋಳದ ಕಾಳಿನಲ್ಲಿ ಇಲಿಗೆ ಬಹಳ ರುಚಿಸುವುದು ಮೊಳಕೆಯ ಭಾಗ. ಅದನ್ನಷ್ಟೇ ಕೊರೆದು ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ತೂಕದಲ್ಲಿ ಕಾಳು ಸ್ವಲ್ಪವೇ ಕಡಿಮೆಯಾಗಿರುತ್ತದೆ, ಆದರೆ ಅದು ಬೀಜವಾಗಿ ಉಳಿದಿರುವುದಿಲ್ಲ. ಬಿತ್ತಿದ ಮೇಲೆ ಸಾಲಿನಲ್ಲಿ ಹುಸಿ ಬಿದ್ದಾಗ ಬೀಜವನ್ನೂ ಮಳೆಯನ್ನೂ ಬೈಯುತ್ತೇವೆ. ಅಟ್ಟದ ಮೇಲಿದ್ದ ಇಲಿಯ ನೆನಪು ಆಗ ಯಾರಿಗೂ ಬರುವುದಿಲ್ಲ.

ಇಷ್ಟಾದ ಮೇಲೆ ಸಾಮಾನ್ಯವಾಗಿ ಮಾಡುವುದೇನು? ಅಂಗಡಿಗೆ ಹೋಗಿ ಒಂದು ಪೊಟ್ಟಣ ಇಲಿ ಪಾಷಾಣ ತಂದು, ಒಂದು ರಾತ್ರಿ ಇಟ್ಟು, ಎರಡು ಇಲಿ ಸತ್ತರೆ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತೇವೆ. ತಿಂಗಳೊಪ್ಪತ್ತಿನಲ್ಲಿ ಇಲಿಗಳು ಮತ್ತೆ ಮೊದಲಿನಷ್ಟೇ ಆಗುತ್ತವೆ. ಇಲಿ ನಮ್ಮ ಮನೆಗೆ ಬರುವುದು ಮೂರು ವಸ್ತುಗಳಿಗಾಗಿ: ಆಹಾರ, ನೀರು ಮತ್ತು ಅಡಗುವುದಕ್ಕೆ ಜಾಗ. ಈ ಮೂರೂ ಸಿಗುವವರೆಗೆ ಒಂದು ಸತ್ತ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಆದುದರಿಂದ ಮೊದಲು ಇವುಗಳನ್ನು ತಪ್ಪಿಸಬೇಕು, ಅನಂತರ ಬೋನು, ಕಟ್ಟಕಡೆಗೆ ವಿಷ. ಇಂದಿನ ಮಾತಿನ ಸಾರಾಂಶ ಇಷ್ಟೇ. ಇದನ್ನು ಮಾಡುವುದು ಹೇಗೆಂದು ಒಂದೊಂದಾಗಿ ನೋಡೋಣ.

ಮನೆಯಲ್ಲಿರುವುದು ಯಾವ ಇಲಿ?

ಎಲ್ಲ ಇಲಿಗಳಿಗೂ ಒಂದೇ ಉಪಾಯ ನಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಇಲಿಗಳನ್ನು ಕಾಣುತ್ತೇವೆ.

ಮೊದಲನೆಯದು ಮನೆ ಇಲಿ. ಮೈಗಿಂತ ಬಾಲ ಉದ್ದ, ಕಿವಿ ದೊಡ್ಡದು, ಮೂತಿ ಚೂಪು. ಹತ್ತುವುದರಲ್ಲಿ ಬಹಳ ಚುರುಕು. ತೊಲೆ, ಜಂತೆ, ಅಟ್ಟ, ಹೆಂಚಿನ ಸಂದುಗಳೇ ಇದರ ವಾಸಸ್ಥಾನ. ತೆಂಗಿನ ಮರದಲ್ಲಿ ಎಳನೀರು ಕೊರೆಯುವುದೂ ಇದರ ಜಾತಿಯದೇ.

ಎರಡನೆಯದು ಚಿಟ್ಟಿಲಿ. ಕೆಲವು ಕಡೆ ಸುಂಡಿಲಿ ಎಂದೂ ಕರೆಯುತ್ತಾರೆ. ಹೆಬ್ಬೆರಳು ಗಾತ್ರದ ಈ ಇಲಿ ಪೆಟ್ಟಿಗೆ, ಬೀರು, ಪುಸ್ತಕದ ಕಪಾಟು, ಹಳೆ ಬಟ್ಟೆಯ ಗಂಟುಗಳಲ್ಲಿ ಗೂಡು ಮಾಡುತ್ತದೆ. ದಿನಕ್ಕೆ 3 ಗ್ರಾಂ ತಿಂದರೆ ಇದಕ್ಕೆ ಸಾಕು. ಆದರೆ ಒಂದೇ ಕಡೆ ಕುಳಿತು ತಿನ್ನುವುದಿಲ್ಲ. ಹತ್ತು ಕಡೆ ಬಾಯಿ ಹಾಕಿ ಎಲ್ಲವನ್ನೂ ಎಂಜಲು ಮಾಡುತ್ತದೆ.

ಮೂರನೆಯದು ಹೆಗ್ಗಣ. ಇದು ನೆಲ ತೋಡುವ ಪ್ರಾಣಿ. ಬಚ್ಚಲ ಮೋರಿ, ಹಿತ್ತಿಲು, ತಿಪ್ಪೆ, ಕೊಟ್ಟಿಗೆಯ ಗೋದಲಿಯ ಬುಡ ಇದಕ್ಕೆ ಇಷ್ಟ. ರಾತ್ರೋರಾತ್ರಿ ಮಂಕರಿಗಟ್ಟಲೆ ಮಣ್ಣು ಎತ್ತಿಹಾಕಿ ಮಣ್ಣಿನ ಗೋಡೆಯ ತಳಪಾಯವನ್ನೇ ಸಡಿಲ ಮಾಡುತ್ತದೆ.

ಇವುಗಳ ಜೊತೆ ಮೂಗಿಲಿಯನ್ನು ಸೇರಿಸಬಾರದು. ಉದ್ದ ಮೂತಿ, ಕಿರುಗಣ್ಣು, ಕೆಟ್ಟ ವಾಸನೆ, ಚಿಕ್‌ಚಿಕ್ ಎಂಬ ಸದ್ದು ಇದರ ಗುರುತು. ನೋಡುವುದಕ್ಕೆ ಇಲಿಯಂತಿದ್ದರೂ ಇದು ಇಲಿಯ ಕುಲಕ್ಕೆ ಸೇರಿದ್ದಲ್ಲ. ಇದರ ಮುಖ್ಯ ಆಹಾರ ಜಿರಲೆ ಮತ್ತು ಇತರ ಹುಳುಗಳು. ದವಸಕ್ಕೆ ಇದರಿಂದ ಇಲಿಯಷ್ಟು ಹಾನಿಯಿಲ್ಲ.

ಇಲಿಯ ಸ್ವಭಾವ

ಶತ್ರುವಿನ ಸ್ವಭಾವ ತಿಳಿಯದೆ ಹೋರಾಟಕ್ಕೆ ಇಳಿಯಬಾರದು. ಇಲಿಯ ಮುಂದಿನ ಬಾಚಿ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಸವೆಯದಿದ್ದರೆ ವರ್ಷಕ್ಕೆ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದವಾಗಬಲ್ಲವು. ಹೀಗಾಗಿ ಹಸಿವಿದ್ದರೂ ಇಲ್ಲದಿದ್ದರೂ ಇಲಿ ಏನನ್ನಾದರೂ ಕಡಿಯುತ್ತಲೇ ಇರಬೇಕು. ಮರ, ಪ್ಲಾಸ್ಟಿಕ್ ಡಬ್ಬಿ, ವಿದ್ಯುತ್ ತಂತಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ವೈರು, ಗ್ಯಾಸ್ ಒಲೆಯ ರಬ್ಬರ್ ಕೊಳವೆ ಯಾವುದನ್ನೂ ಬಿಡುವುದಿಲ್ಲ. ಇಲಿ ಕಡಿದ ತಂತಿಯಿಂದ ಕಿಡಿ ಹಾರಿ ಮನೆಗೆ ಬೆಂಕಿ ಬೀಳಬಹುದು. ಗ್ಯಾಸ್ ಕೊಳವೆಯನ್ನು ವಾರಕ್ಕೊಮ್ಮೆಯಾದರೂ ಬಗ್ಗಿ ನೋಡಬೇಕು. ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರನ್ನು ತಪ್ಪದೆ ಮುಚ್ಚಬೇಕು.

ಇಲಿಯ ಸಂತಾನ ಬಹಳ ಬೇಗ ಬೆಳೆಯುತ್ತದೆ. ಗರ್ಭ ಧರಿಸಿದ 21ರಿಂದ 23 ದಿನಗಳಲ್ಲಿ ಸಾಮಾನ್ಯವಾಗಿ 6ರಿಂದ 8 ಮರಿಗಳನ್ನು ಹಾಕುತ್ತದೆ. ಆ ಮರಿಗಳು ಸುಮಾರು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ಒಂದು ಸಲ ವಿಷವಿಟ್ಟು ಸುಮ್ಮನಾದವರ ಮನೆಯಲ್ಲಿ ಮತ್ತೆ ಇಲಿಗಳು ತುಂಬುವುದಕ್ಕೆ ಇದೇ ಕಾರಣ.

ಇನ್ನೊಂದು ಮುಖ್ಯ ಗುಣವೆಂದರೆ ಅನುಮಾನ. ದೊಡ್ಡ ಇಲಿಗಳು ತಾವು ಓಡಾಡುವ ದಾರಿಯಲ್ಲಿ ಹೊಸ ವಸ್ತು ಕಂಡರೆ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಹೊಸ ತಿಂಡಿಯಾದರೆ ಮೊದಲು ಸ್ವಲ್ಪವೇ ರುಚಿ ನೋಡುತ್ತವೆ. ತಿಂದು ಹೊಟ್ಟೆನೋವು ಬಂದು ಬದುಕಿ ಉಳಿದ ಇಲಿ ಮುಂದೆ ಅದೇ ತಿಂಡಿಯನ್ನು ಮುಟ್ಟುವುದಿಲ್ಲ. ಚಿಟ್ಟಿಲಿ ಹಾಗಲ್ಲ, ಅದಕ್ಕೆ ಕುತೂಹಲ ಹೆಚ್ಚು, ಹೊಸ ವಸ್ತುವನ್ನು ಬೇಗ ಬಂದು ಮೂಸುತ್ತದೆ. ಬೋನು ಇಡುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಇಲಿಯಿಂದ ಬರುವ ಕಾಯಿಲೆಗಳು

ಪ್ಲೇಗಿನ ಹೆಸರು ಕೇಳದ ಹಿರಿಯರು ನಮ್ಮಲ್ಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಆ ಅನುಭವದ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದವು. ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅವರ ತಿಳಿವಳಿಕೆ ಸರಿಯಾಗಿಯೇ ಇತ್ತು. ಪ್ಲೇಗನ್ನು ಇಲಿಯ ಮೈಮೇಲಿನ ಚಿಗಟಗಳು ಹರಡುತ್ತವೆ. ಇಲಿ ಸತ್ತು ಮೈ ತಣ್ಣಗಾದಾಗ ಅವು ಅದನ್ನು ಬಿಟ್ಟು ಮನುಷ್ಯರನ್ನು ಕಚ್ಚುತ್ತವೆ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1966ರಲ್ಲಿ ಪ್ಲೇಗು ಖಚಿತಪಟ್ಟ ಮೇಲೆ ಬಹುಕಾಲ ದೇಶದಲ್ಲಿ ಅದರ ಸುದ್ದಿಯಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆ ಮತ್ತು ಗುಜರಾತಿನ ಸೂರತ್ ನಗರದಲ್ಲಿ ಮತ್ತೆ ತಲೆಯೆತ್ತಿತು. ಆದುದರಿಂದ ವಿಷವಿಡದೆ ಇದ್ದಾಗಲೂ ಮನೆಯಲ್ಲಿ, ಊರಿನಲ್ಲಿ ಇಲಿಗಳು ತಾವಾಗಿ ಬಿದ್ದು ಸಾಯುತ್ತಿದ್ದರೆ ಅವನ್ನು ಮುಟ್ಟದೆ ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಈಗ ಹೆಚ್ಚಾಗಿ ಕಾಣುವುದು ಇಲಿ ಜ್ವರ. ಇದರ ರೋಗಾಣು ಇಲಿಯ ಮೂತ್ರದಲ್ಲಿರುತ್ತದೆ. ಒದ್ದೆ ನೆಲ, ಕೊಟ್ಟಿಗೆಯ ಗಂಜಲ, ಗದ್ದೆಯ ಕೆಸರು, ನಿಂತ ನೀರಿನಲ್ಲಿ ಉಳಿದು, ಕಾಲಿನ ಗಾಯ, ಬಿರುಕುಗಳ ಮೂಲಕ ಮೈ ಸೇರುತ್ತದೆ. ಮಳೆಗಾಲದಲ್ಲಿ ಜ್ವರದ ಜೊತೆಗೆ ಮೀನಖಂಡ ವಿಪರೀತ ನೋಯುವುದು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೊಟ್ಟಿಗೆಯಲ್ಲಿ ಇಲಿ ಹೆಚ್ಚಾಗಿದೆ ಎಂಬುದನ್ನೂ ಅವರಿಗೆ ಹೇಳಬೇಕು. ಚಿಕಿತ್ಸೆ ಬೇಗ ಸಿಕ್ಕರೆ ಇದು ವಾಸಿಯಾಗುವ ಕಾಯಿಲೆ. ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗಗಳು ಕೆಡುತ್ತವೆ.

ಇಲಿ ಹಿಕ್ಕೆಯನ್ನು ಒಣಗಿದ ಹಾಗೆಯೇ ಗುಡಿಸಿ ಧೂಳೆಬ್ಬಿಸಬಾರದು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೆಗೆಯಬೇಕು.

ಮೊದಲು ಪತ್ತೆ ಮಾಡಿ

ಕೆಲಸಕ್ಕೆ ಕೈ ಹಾಕುವ ಮೊದಲು ಇಲಿ ಎಲ್ಲಿಂದ ಬರುತ್ತದೆ, ಎಲ್ಲಿ ಓಡಾಡುತ್ತದೆ ಎಂದು ತಿಳಿಯಬೇಕು. ಜೀರಿಗೆ, ಅಕ್ಕಿಕಾಳಿನಷ್ಟು ಸಣ್ಣ ಹಿಕ್ಕೆಯಾದರೆ ಚಿಟ್ಟಿಲಿ. ಅರ್ಧ ಅಂಗುಲದಷ್ಟಿದ್ದರೆ ಮನೆ ಇಲಿ. ಅದಕ್ಕೂ ದಪ್ಪವಾಗಿ, ಹತ್ತಿರದಲ್ಲಿ ಹೊಸ ಮಣ್ಣಿನ ಗುಡ್ಡೆಯಿದ್ದರೆ ಹೆಗ್ಗಣ. ಇಲಿ ಗೋಡೆಯ ಅಂಚನ್ನು ಬಿಟ್ಟು ಬಯಲಿನಲ್ಲಿ ನಡೆಯುವುದು ಅಪರೂಪ. ದಿನವೂ ಒಂದೇ ದಾರಿಯಲ್ಲಿ ಓಡಾಡುವುದರಿಂದ ಗೋಡೆಯ ಬುಡದಲ್ಲಿ, ತೊಲೆಯ ಮೇಲೆ ಜಿಡ್ಡಿನ ಕಪ್ಪು ಗುರುತು ಬೀಳುತ್ತದೆ.

ಗುರುತು ಸರಿಯಾಗಿ ಕಾಣದಿದ್ದರೆ ರಾತ್ರಿ ಗೋಡೆಯ ಅಂಚಿನಲ್ಲಿ ಜರಡಿ ಹಿಡಿದ ಒಲೆ ಬೂದಿಯನ್ನು ತೆಳುವಾಗಿ ಉದುರಿಸಿ ಮಲಗಬೇಕು. ಬೆಳಿಗ್ಗೆ ಹೆಜ್ಜೆಯ ಗುರುತೂ ಬಾಲ ಎಳೆದ ಗೆರೆಯೂ ಕಾಣುತ್ತವೆ. ಹೊರಗಿನ ಬಿಲಗಳಿಗೆ ಸಂಜೆ ಹಸಿ ಮಣ್ಣು ಮೆತ್ತಿ, ಬೆಳಿಗ್ಗೆ ಯಾವುದು ತೆರೆದಿದೆಯೆಂದು ನೋಡಬೇಕು. ತೆರೆದದ್ದರಲ್ಲಿ ಇಲಿಯಿದೆ ಎಂದು ಅರ್ಥ. ಉಳಿದವು ಹಳೆಯ ಬಿಲಗಳು. ಹೀಗೆ ನೋಡದೆ ಕಂಡ ಕಂಡ ಬಿಲಕ್ಕೆಲ್ಲಾ ಖರ್ಚು ಮಾಡುವುದು ಬೆಟ್ಟ ಅಗೆದು ಇಲಿ ಹಿಡಿದಂತಾಗುತ್ತದೆ.

ಆಹಾರ ಮತ್ತು ನೀರು ತಪ್ಪಿಸುವುದು

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಬಯಲುಸೀಮೆಯಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬಿದಿರಿನ ಕಣಜಕ್ಕೆ ಸಗಣಿ ಮಣ್ಣು ಸಾರಿಸಿ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಮಲೆನಾಡು, ಕರಾವಳಿಗಳಲ್ಲಿ ದಪ್ಪ ಹಲಗೆಯ ಪತ್ತಾಯವಿತ್ತು. ಹಗೇವು ಹೂತುಹೋಗಿ, ಕಣಜ ಮುರಿದು, ಈಗ ದವಸವೆಲ್ಲಾ ಪ್ಲಾಸ್ಟಿಕ್ ಚೀಲಗಳಲ್ಲಿ ನಡುಮನೆಯ ಗೋಡೆಗೆ ಒರಗಿ ಕುಳಿತಿದೆ. ಇಲಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಮನೆ ಖರ್ಚಿನ ದವಸಕ್ಕೆ, ಬೀಜಕ್ಕೆ ಬಿಗಿ ಮುಚ್ಚಳದ ತಗಡಿನ ಕಣಜ ಅಥವಾ ಡ್ರಮ್ಮು ಎಲ್ಲಕ್ಕಿಂತ ಉತ್ತಮ. ಧಾನ್ಯವನ್ನು ಚೆನ್ನಾಗಿ ಒಣಗಿಸಿಯೇ ತುಂಬಬೇಕು; ಇಲ್ಲವಾದರೆ ಇಲಿಯಿಂದ ಉಳಿದದ್ದು ಬೂಷ್ಟಿಗೆ ಹೋಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪೂಸಾ ಕಣಜವನ್ನು ಇಟ್ಟಿಗೆಯಿಂದ, ಎರಡು ಗೋಡೆಗಳ ನಡುವೆ ಪಾಲಿಥಿನ್ ಹಾಳೆ ಇಟ್ಟು ಕಟ್ಟುತ್ತಾರೆ. ಇದರ ತಳಕ್ಕೂ ಹೊರಗೋಡೆಯ ಬುಡಕ್ಕೂ ಸುಟ್ಟ ಇಟ್ಟಿಗೆ ಹಾಕಿದರೆ ಇಲಿ ಕೊರೆಯಲಾರದು.

ಚೀಲದಲ್ಲೇ ಇಡಬೇಕಾಗಿದ್ದರೆ ನೆಲದ ಮೇಲೆ ಇಡದೆ ಮರದ ಹಲಗೆಗಳ ಮೇಲೆ ಜೋಡಿಸಬೇಕು. ಗೋಡೆಗೂ ಚೀಲಗಳಿಗೂ ನಡುವೆ ಒಬ್ಬರು ಪೊರಕೆ ಹಿಡಿದು ಓಡಾಡುವಷ್ಟು, ಅಂದರೆ ಒಂದೂವರೆ ಎರಡು ಅಡಿ ಜಾಗ ಬಿಡಬೇಕು. ಹೊರಗೆ ಉಗ್ರಾಣ ಕಟ್ಟುವುದಾದರೆ ನೆಲದಿಂದ ಎರಡೂವರೆ ಮೂರು ಅಡಿ ಎತ್ತರದ ಕಂಬಗಳ ಮೇಲೆ ಕಟ್ಟಿ, ಪ್ರತಿ ಕಂಬಕ್ಕೂ ಮೇಲ್ಗಡೆ ತಗಡನ್ನು ಕವುಚಿದ ಆಲಿಕೆಯ ಆಕಾರದಲ್ಲಿ ಸುತ್ತಬೇಕು. ಹತ್ತಿ ಬಂದ ಇಲಿ ಅದನ್ನು ದಾಟಲಾರದೆ ಹಿಂದಿರುಗುತ್ತದೆ.

ಇದರ ಜೊತೆಗೆ ಅಡಿಗೆಮನೆಯ ಶಿಸ್ತು ಬೇಕು. ಮುಸುರೆ ಪಾತ್ರೆಗಳನ್ನು ರಾತ್ರಿ ಬಚ್ಚಲಲ್ಲಿ ಹಾಗೆಯೇ ಬಿಡಬಾರದು. ಬಾನಿಯ ಕಲಗಚ್ಚನ್ನು ಕತ್ತಲಾಗುವ ಮುನ್ನ ದನಕ್ಕೆ ಕುಡಿಸಿ ಬಾನಿಯನ್ನು ಕವುಚಿಡಬೇಕು. ಹಿಂಡಿ, ಬೂಸಾ, ಕೋಳಿ ಆಹಾರಗಳಿಗೂ ಮುಚ್ಚಳವಿರುವ ಡಬ್ಬಿ ಬೇಕು. ದೇವರ ಮನೆಯಲ್ಲಿ ಎಣ್ಣೆ ಬತ್ತಿ, ಕೊಬ್ಬರಿ ಚೂರು ಬಿಡಬಾರದು. ಉರಿಯುವ ಬತ್ತಿಯನ್ನು ಇಲಿ ಎಳೆದುಕೊಂಡು ಹೋದರೆ ಆಗುವ ಅನಾಹುತ ಬೇರೆ ಹೇಳಬೇಕಿಲ್ಲ. ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಬೇಕು. ಹೊರಗೆ ನೀರು ಸಿಗದ ಬೇಸಿಗೆಯಲ್ಲಿ ಇಲಿ ನೀರಿಗಾಗಿಯೇ ಮನೆಗೆ ಬರುವುದುಂಟು.

ದಾರಿ ಮುಚ್ಚುವುದು, ಆಸರೆ ತಪ್ಪಿಸುವುದು

ಚಿಟ್ಟಿಲಿಗೆ 6 ಮಿಲಿಮೀಟರ್ ಸಂದು ಸಾಕು. ಅಂದರೆ ಪೆನ್ಸಿಲ್ ತೂರುವ ಕಡೆ ಚಿಟ್ಟಿಲಿಯೂ ತೂರುತ್ತದೆ. ದೊಡ್ಡ ಇಲಿಯ ಮರಿಗೆ ಅರ್ಧ ಅಂಗುಲ ಇದ್ದರೆ ಸಾಕು. ಬಾಗಿಲಿನ ಕೆಳಗಿನ ಸಂದನ್ನು ಇದೇ ಲೆಕ್ಕದಲ್ಲಿ ನೋಡಬೇಕು. ಹಿತ್ತಿಲ ಬಾಗಿಲಿನ ಕೆಳಭಾಗಕ್ಕೆ ಹೊರಗಡೆಯಿಂದ ಒಂದಡಿ ಎತ್ತರಕ್ಕೆ ತಗಡು ಹೊಡೆಸಿದರೆ ಇಲಿ ಕೊರೆಯುವುದು ತಪ್ಪುತ್ತದೆ. ಬಚ್ಚಲ ಮೋರಿಯ ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಬೇಕು. ಬಿಲಗಳಿಗೆ ಬರಿಯ ಮಣ್ಣು ಮೆತ್ತಿದರೆ ಒಂದೇ ರಾತ್ರಿಯಲ್ಲಿ ಕೊರೆಯುತ್ತವೆ. ಗಾಜಿನ ಚೂರು, ಜಲ್ಲಿ ತುಂಬಿ ಮೇಲೆ ಸಿಮೆಂಟ್ ಗಾರೆ ಹಾಕಬೇಕು.

ಮನೆಯ ಮೇಲೆ ಚಾಚಿದ ಮಾವು, ನುಗ್ಗೆ ಕೊಂಬೆಗಳನ್ನು ಮೂರು ನಾಲ್ಕು ಅಡಿ ಹಿಂದಕ್ಕೆ ಸವರಬೇಕು. ಹುಲ್ಲಿನ ಬಣವೆ, ಸೌದೆ, ತೆಂಗಿನ ಮಟ್ಟೆಯ ರಾಶಿಗಳನ್ನು ಗೋಡೆಗೆ ತಾಗಿಸಿ ಒಟ್ಟಬಾರದು. ಅಟ್ಟದ ಮೇಲಿನ ಹಳೆ ಚೀಲ, ಮುರಿದ ಮೊರ, ಕಾಗದಗಳನ್ನು ಆರು ತಿಂಗಳಿಗೊಮ್ಮೆ ಇಳಿಸಿ ಕೊಡವಬೇಕು. ಯುಗಾದಿಗೆ, ದಸರೆಗೆ ಮನೆ ಬಳಿಯುವ ನಮ್ಮ ಪದ್ಧತಿಗೆ ಇಲಿ ಹತೋಟಿಯನ್ನೂ ಜೋಡಿಸಿಕೊಂಡರೆ ಬೇರೆ ದಿನ ಹುಡುಕಬೇಕಿಲ್ಲ.

ಬೋನಿನ ಬಳಕೆ

ವಾಸದ ಮನೆಯೊಳಗೆ ಇಲಿ ಹಿಡಿಯಲು ಬೋನೇ ಉತ್ತಮ. ವಿಷದ ಭಯವಿಲ್ಲ, ಇಲಿ ಎಲ್ಲೋ ಸಂದಿಯಲ್ಲಿ ಸತ್ತು ನಾರುವುದಿಲ್ಲ, ಎಷ್ಟು ಸಿಕ್ಕಿತೆಂಬ ಲೆಕ್ಕವೂ ತಿಳಿಯುತ್ತದೆ.

ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಒಂದೇ ಬೋನನ್ನು ಕೋಣೆಯ ನಡುವೆ ಇಟ್ಟು ವಾರಗಟ್ಟಲೆ ಕಾಯುವುದು. ಹಾಗೆ ಮಾಡದೆ ಐದಾರು ಬೋನುಗಳನ್ನು ಒಟ್ಟಿಗೆ, ಗೋಡೆಗೆ ತಾಗಿಸಿ, ಇಲಿಯ ದಾರಿಯಲ್ಲೇ ಇಡಬೇಕು. ಸ್ಪ್ರಿಂಗ್ ಬೋನಾದರೆ ತಿಂಡಿಯಿರುವ ತುದಿ ಗೋಡೆಯ ಕಡೆಗಿರಬೇಕು. ದೊಡ್ಡ ಇಲಿಗಳಿಗೆ ಮೊದಲ ಮೂರು ನಾಲ್ಕು ದಿನ ಬೋನಿನ ಬಾಯಿ ಮುಚ್ಚದ ಹಾಗೆ ಕಟ್ಟಿಹಾಕಿ, ತಿಂಡಿಯನ್ನಷ್ಟೇ ಇಡುತ್ತಾ ಬರಬೇಕು. ಹೆದರಿಕೆ ಬಿಟ್ಟು ತಿನ್ನಲು ಆರಂಭಿಸಿದ ಮೇಲೆ ಒಂದು ರಾತ್ರಿ ಎಲ್ಲ ಬೋನುಗಳನ್ನೂ ಒಟ್ಟಿಗೆ ಹೂಡಬೇಕು. ಚಿಟ್ಟಿಲಿಗೆ ಇಷ್ಟು ಕಾಯಬೇಕಿಲ್ಲ, ಮೊದಲ ರಾತ್ರಿಯೇ ಹೂಡಬಹುದು. ಆದರೆ ಬೋನುಗಳು ಹತ್ತಿರ ಹತ್ತಿರ, ಆರರಿಂದ ಹತ್ತು ಅಡಿಗೊಂದರಂತೆ ಇರಬೇಕು.

ತಿಂಡಿಗೆ ಹುರಿದ ಕಡಲೆಕಾಯಿ ಬೀಜ, ಸುಟ್ಟ ಕೊಬ್ಬರಿ, ಮಸಾಲೆ ವಡೆಯ ಚೂರು ಚೆನ್ನಾಗಿ ನಡೆಯುತ್ತವೆ. ದವಸ ತುಂಬಿದ ಕೋಣೆಯಲ್ಲಿ ದವಸವನ್ನೇ ತಿಂಡಿಯಾಗಿ ಇಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಎಣ್ಣೆ ಪದಾರ್ಥ ಅಥವಾ ಟೊಮ್ಯಾಟೊ ಚೂರು ಇಡಬಹುದು.

ಬೋನಿಗೆ ಬಿದ್ದ ಇಲಿಯನ್ನು ಪಕ್ಕದ ಬೀದಿಯಲ್ಲಿ ಬಿಟ್ಟು ಬರುವವರಿದ್ದಾರೆ. ಅದು ಬೇರೊಬ್ಬರ ಮನೆಗೆ ಹೋಗುತ್ತದೆ, ಅಷ್ಟೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಎರಡಡಿ ಆಳದ ಗುಂಡಿಯಲ್ಲಿ ಹೂಳಬೇಕು. ತಿಪ್ಪೆಗೆ, ರಸ್ತೆಗೆ ಎಸೆಯಬಾರದು. ಅಂಟು ಹಲಗೆಗಳನ್ನು ಬಳಸದಿರುವುದೇ ಒಳ್ಳೆಯದು. ಅದಕ್ಕೆ ಅಂಟಿಕೊಂಡ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ, ಗುಬ್ಬಚ್ಚಿಗಳೂ ಸಿಕ್ಕಿಬೀಳುತ್ತವೆ.

ವಿಷ: ಕೊನೆಯ ಉಪಾಯ

ದಾರಿ ಮುಚ್ಚಿ, ಬೋನಿಟ್ಟ ಮೇಲೂ ಇಲಿಗಳು ಹೆಚ್ಚಾಗಿದ್ದರೆ ಮಾತ್ರ ವಿಷದ ಮಾತು. ಇಲ್ಲಿ ಆಗುವ ಒಂದು ತಪ್ಪು ಮನೆಯ ದೀಪವನ್ನೇ ಆರಿಸಬಹುದು.

ಮನೆ, ಕೊಟ್ಟಿಗೆಗಳಲ್ಲಿ ಬಳಸಬೇಕಾದದ್ದು ಬ್ರೊಮಾಡಿಯೋಲೋನ್ ಎಂಬ ಔಷಧಿಯಿರುವ ಸಿದ್ಧ ಬಿಲ್ಲೆಗಳು. ಇವುಗಳಲ್ಲಿ ವಿಷದ ಪ್ರಮಾಣ ಶೇಕಡ 0.005. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಇಲಿ ಸಾಯುವುದು ಮೂರರಿಂದ ಹತ್ತು ದಿನಗಳ ಮೇಲೆ. ಹೀಗಾಗಿ ತಿಂದ ತಿಂಡಿಯ ಮೇಲೆ ಅದಕ್ಕೆ ಅನುಮಾನ ಬರುವುದಿಲ್ಲ. ಬಿಲ್ಲೆಗಳನ್ನು ತೆರೆದ ನೆಲದಲ್ಲಿ ಇಡದೆ, ಎರಡೂ ಕಡೆ ಬಾಯಿರುವ ಬಿದಿರಿನ ಅಂಡೆ ಅಥವಾ ಕೊಳವೆಯ ತುಂಡಿನೊಳಗೆ ತಂತಿಯಿಂದ ಕಟ್ಟಿ, ಗೋಡೆಯ ಅಂಚಿನಲ್ಲಿ, ಮಕ್ಕಳು, ನಾಯಿ, ಕೋಳಿಗಳಿಗೆ ಎಟುಕದ ಹಾಗೆ ಇಡಬೇಕು. ತಿಂದು ಖಾಲಿಯಾದ ಕಡೆ ಮತ್ತೆ ಇಡುತ್ತಾ, ತಿನ್ನುವುದು ನಿಂತ ಮೇಲೆ ಉಳಿದದ್ದನ್ನು ತೆಗೆದು ಹೂಳಬೇಕು. ದಿನವೂ ಸುತ್ತ ಹುಡುಕಿ ಸತ್ತ ಇಲಿಗಳನ್ನು ಹೂಳಬೇಕು. ಅವನ್ನು ತಿಂದ ಬೆಕ್ಕು, ಗೂಬೆಗಳಿಗೂ ವಿಷ ಏರುತ್ತದೆ. ಈ ವಿಷಕ್ಕೆ ವಿಟಮಿನ್ ಕೆ-1 ಎಂಬ ಮದ್ದು ಆಸ್ಪತ್ರೆಯಲ್ಲಿದೆ.

ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು ಹೊಲಗದ್ದೆಗಳಲ್ಲಿ 96 ಭಾಗ ನುಚ್ಚು, 2 ಭಾಗ ಅಡಿಗೆ ಎಣ್ಣೆ, 2 ಭಾಗ ಪುಡಿಯಂತೆ ಬೆರೆಸಿ ಬಳಸುವುದು ರೂಢಿ. ಎರಡು ಮೂರು ದಿನ ವಿಷವಿಲ್ಲದ ತಿಂಡಿಯನ್ನು ರೂಢಿ ಮಾಡಿಸಿದ ಮೇಲೆಯೇ ಇದನ್ನು ಇಡಬೇಕು. ಬೆರೆಸಲು ಕೋಲು ಬಳಸಬೇಕು, ಅಡಿಗೆ ಪಾತ್ರೆ ಮುಟ್ಟಬಾರದು. ಇದು ಹೊಟ್ಟೆಯಲ್ಲಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತ್ಯೇಕ ಮದ್ದಿಲ್ಲ. ಆದುದರಿಂದ ಮನೆಯೊಳಗೆ ಇದು ಬೇಡ.

ಇದೇ ಅನಿಲವನ್ನು ಬಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಕೆಲವರು ಮನೆಯ ಬಿಲಗಳಲ್ಲಿ, ದವಸದ ಚೀಲಗಳ ನಡುವೆ ಇಟ್ಟು ಅಲ್ಲೇ ಮಲಗುತ್ತಾರೆ. ಗೋಡೆಯ ಬಿರುಕುಗಳಿಂದ ಹೊರಬಂದ ಅನಿಲ ಮಲಗಿದವರ, ಅದರಲ್ಲೂ ಮಕ್ಕಳ ಪ್ರಾಣ ತೆಗೆದ ಪ್ರಸಂಗಗಳು ನಡೆದಿವೆ. ಈ ಮಾತ್ರೆಗಳು ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇರಬೇಕಾದವು. ಯಾರು ಕೊಟ್ಟರೂ, ಎಷ್ಟು ಅಗ್ಗಕ್ಕೆ ಸಿಕ್ಕರೂ ಮನೆಗೆ ತರಬಾರದು. ಹಳದಿ ರಂಜಕವಿರುವ ಇಲಿ ಪೇಸ್ಟು ಕೂಡ ಹೀಗೆಯೇ. ನೋಡುವುದಕ್ಕೆ ಹಲ್ಲುಜ್ಜುವ ಪೇಸ್ಟಿನ ಹಾಗಿರುವುದರಿಂದ ಮಕ್ಕಳು ಮೋಸ ಹೋಗುತ್ತಾರೆ. ಪಿತ್ತಜನಕಾಂಗವನ್ನು ಕೆಡಿಸುವ ಈ ವಿಷಕ್ಕೂ ನೇರ ಮದ್ದಿಲ್ಲ.

ಯಾರಾದರೂ ಯಾವುದೇ ಇಲಿ ವಿಷವನ್ನು ತಿಂದ ಅನುಮಾನ ಬಂದರೂ ಲಕ್ಷಣ ಕಾಣುವವರೆಗೆ ಕಾಯಬಾರದು. ಉಪ್ಪುನೀರು ಕುಡಿಸುವುದು, ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸುವುದು ಬೇಡ. ವಿಷದ ಪೊಟ್ಟಣವನ್ನೂ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನ ಚೆನ್ನಾಗಿಯೇ ಕಂಡ ರೋಗಿ ಎರಡು ಮೂರು ದಿನಗಳ ಮೇಲೆ ಕೈಮೀರುವುದುಂಟು. ಉಳಿದ ವಿಷವನ್ನು ದವಸ, ಔಷಧಿ, ಪೇಸ್ಟುಗಳ ಹತ್ತಿರ ಇಡದೆ ಬೀಗದೊಳಗೆ ಇಡಬೇಕು. ರೇಷ್ಮೆ ಹುಳು ಸಾಕುವ ಮನೆಯೊಳಗೂ ವಿಷ ಬೇಡ; ಅಲ್ಲಿ ಜಾಲರಿ ಮತ್ತು ಬೋನುಗಳನ್ನೇ ನಂಬಬೇಕು.

ಬೆಕ್ಕು, ಗೂಬೆ, ಕೇರೆ ಹಾವು

ಬೆಕ್ಕು ಸಾಕಿದರೆ ಸಾಲದೇ ಎಂದು ಕೇಳುವವರುಂಟು. ಬೆಕ್ಕು ಚಿಟ್ಟಿಲಿಗಳನ್ನು, ಇಲಿ ಮರಿಗಳನ್ನು ಹಿಡಿಯುತ್ತದೆ ನಿಜ. ಆದರೆ ದೊಡ್ಡ ಹೆಗ್ಗಣದ ಎದುರು ಅನೇಕ ಬೆಕ್ಕುಗಳು ಹಿಂದೆ ಸರಿಯುತ್ತವೆ. ಬೆಕ್ಕು ಸಹಾಯಕ್ಕೆ ಇರಲಿ, ಕಾವಲೆಲ್ಲಾ ಅದರದೇ ಎಂದು ಬಿಡಬಾರದು. ಹೊರಗಡೆ ಇಲಿಗಳನ್ನು ತಿಂದು ಉಪಕಾರ ಮಾಡುವ ಕೇರೆ ಹಾವು ವಿಷವಿಲ್ಲದ್ದು. ಗೂಬೆಯನ್ನು ಅಪಶಕುನವೆಂದು ಓಡಿಸುವುದರಿಂದ ಲಾಭವಾಗುವುದು ಇಲಿಗೆ ಮಾತ್ರ. ಕಿವಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುತ್ತವೆಂದು ಮಾರುವ ವಿದ್ಯುತ್ ಸಾಧನಗಳಿಗೆ ಇಲಿಗಳು ಬೇಗ ಒಗ್ಗಿಹೋಗುತ್ತವೆ. ಆ ಹಣದಲ್ಲಿ ಬಾಗಿಲಿಗೆ ತಗಡು ಹೊಡೆಸುವುದು ಲೇಸು.

ಇಲಿ ಗಣಪತಿಯ ವಾಹನ, ಕೊಲ್ಲುವುದು ಹೇಗೆ ಎಂಬ ಅಳುಕು ಅನೇಕ ಮನೆಗಳಲ್ಲಿದೆ. ಉತ್ತರ ಕರ್ನಾಟಕದ ಕೆಲವು ಕಡೆ ಚೌತಿಯ ಮರುದಿನ ಇಲಿ ವಾರವನ್ನೂ ಆಚರಿಸುತ್ತಾರೆ. ಅಂಥವರಿಗೆ ಇಂದು ಹೇಳಿದ ಕ್ರಮಗಳಲ್ಲಿ ಮೊದಲನೆಯವೇ ಹೆಚ್ಚು ಒಪ್ಪಿಗೆಯಾಗುತ್ತವೆ. ದವಸವನ್ನು ಡ್ರಮ್ಮಿನಲ್ಲಿಟ್ಟು, ಬಿಲಕ್ಕೆ ಗಾರೆ ಹಾಕಿದರೆ ಯಾವ ಪಾಪವೂ ಇಲ್ಲ. ಆಹಾರ ಸಿಗದ ಮನೆಯಲ್ಲಿ ಇಲಿ ಹುಟ್ಟುವುದೂ ಕಡಿಮೆ, ಕೊಲ್ಲಬೇಕಾದ ಪ್ರಸಂಗವೂ ಕಡಿಮೆ.

ಊರೊಟ್ಟಿನ ಕೆಲಸ

ಒಬ್ಬರ ಮನೆಯಲ್ಲಿ ಎಷ್ಟೇ ಶ್ರಮಪಟ್ಟರೂ ಪಕ್ಕದ ಮನೆಯ ಅಟ್ಟದಲ್ಲಿ ಇಲಿಗಳಿದ್ದರೆ ಕೆಲಸ ಪೂರ್ತಿಯಾಗುವುದಿಲ್ಲ. ಸಾಲು ಮನೆಗಳಲ್ಲಿ ಒಂದೇ ತೊಲೆ ನಾಲ್ಕು ಮನೆಗಳ ಇಲಿಗಳಿಗೂ ಹೆದ್ದಾರಿಯಾಗಿರುತ್ತದೆ. ಆದುದರಿಂದ ಬೀದಿಯವರೆಲ್ಲ ಸೇರಿ ಒಂದೇ ವಾರದಲ್ಲಿ ಈ ಕೆಲಸ ಮಾಡಬೇಕು. ಮಹಿಳಾ ಸ್ವಸಹಾಯ ಸಂಘಗಳು, ಹಾಲಿನ ಸೊಸೈಟಿಗಳು ಇದಕ್ಕೆ ಮುಂದಾಗಬಹುದು. ವಿಸ್ತರಣಾ ಕಾರ್ಯಕರ್ತರು ಇಪ್ಪತ್ತು ಬೋನುಗಳನ್ನು ಊರಿನಲ್ಲಿಟ್ಟು, ಬೀದಿಯಿಂದ ಬೀದಿಗೆ ಸರದಿಯ ಮೇಲೆ ಕೊಡುವ ಏರ್ಪಾಡು ಮಾಡಿದರೆ ಯಾರಿಗೂ ಖರ್ಚು ಹೆಚ್ಚಾಗದು.

ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ, ಸುಗ್ಗಿಯ ನಂತರ ಹೊಲ ಬರಿದಾದಾಗ, ಹೀಗೆ ವರ್ಷಕ್ಕೆ ಎರಡು ಸಲ ಹೊರಗಿನ ಇಲಿಗಳು ಮನೆಯ ಕಡೆ ಮುಖ ಮಾಡುತ್ತವೆ. ದಾರಿ ಮುಚ್ಚುವ ಕೆಲಸ ಇವೆರಡಕ್ಕೂ ಮುಂಚೆಯೇ, ಅಂದರೆ ಮುಂಗಾರಿಗೆ ಮೊದಲು ಒಂದು ಸಲ, ಕಟಾವಿಗೆ ಮೊದಲು ಇನ್ನೊಂದು ಸಲ ಆಗಬೇಕು. ದವಸ ಮನೆ ತುಂಬಿದ ಮೇಲೆ ಬಿಲ ಹುಡುಕುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇಂದು ಮನೆಗೆ ಹೋದ ಮೇಲೆ ಪಾಷಾಣದ ಅಂಗಡಿಯನ್ನು ನೆನೆಯುವುದು ಬೇಡ. ಗೋಡೆಯ ಅಂಚಿಗೆ ಒಂದು ಹಿಡಿ ಬೂದಿ ಉದುರಿಸಿ ಮಲಗಿರಿ. ನಾಳೆ ಬೆಳಿಗ್ಗೆ ಅದರ ಮೇಲೆ ಬಿದ್ದಿರುವ ಹೆಜ್ಜೆಗಳನ್ನು ಮನೆಮಂದಿಯೆಲ್ಲಾ ಕೂಡಿ ನೋಡಿರಿ. ಅವು ಎಲ್ಲಿಂದ ಹೊರಟು ಯಾವ ಚೀಲದ ಬುಡಕ್ಕೆ ಹೋಗಿವೆ ಎಂಬುದು ತಿಳಿದರೆ ಮೊದಲು ಮಾಡಬೇಕಾದ ಕೆಲಸ ಯಾವುದೆಂಬುದೂ ತಿಳಿಯುತ್ತದೆ.